ಸೀಟಿನ ಹೊಲಿಗೆಯಲ್ಲಿ ಜವಳಿ ಎಂಜಿನಿಯರ್

14 ಸೆಪ್ಟೆಂಬರ್ 2024, ಶನಿವಾರ

ಜವಳಿ ಓದಿದವರಿಗೆ ಕಾರು ಉದ್ಯಮದಲ್ಲಿ ಏನು ಕೆಲಸ? ದಾವಣಗೆರೆ, ಬೆಂಗಳೂರಿನ ಟೆಕ್ಸ್‌ಟೈಲ್ ವಿಭಾಗಗಳಿಂದ ಹೊರಬರುವ ಹುಡುಗ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಕಾರು ಕಂಪನಿಯೊಳಗೆ ಅಂಥ ಹುದ್ದೆಗಳು ಕಡಿಮೆ. ಸೀಟು, ಬೆಲ್ಟು, ಏರ್‌ಬ್ಯಾಗು, ಕಾರ್ಪೆಟ್ಟು, ಟೈರಿನ ನೂಲು ಮಾಡಿಕೊಡುವ ಸಪ್ಲೈಯರ್‌ಗಳಲ್ಲೇ ಹೆಚ್ಚು. ಮೊದಲ ಕೆಲಸಕ್ಕೆ ಸೀಟ್ ಕವರ್ ವಿಭಾಗವೇ ಒಳ್ಳೆಯದು. ಅಲ್ಲಿ ಮೆಕ್ಯಾನಿಕಲ್‌ನವರು ಬಟ್ಟೆಯನ್ನು ತಗಡಿನಂತೆ ನೋಡುತ್ತಾರೆ. ಅದಕ್ಕೆ ಹಾಸು (ಉದ್ದದ ನೂಲು), ಹೊಕ್ಕು (ಅಡ್ಡ ನೂಲು), ಎಳೆತ, ಕುಗ್ಗುವಿಕೆ ಇದೆ ಎಂದು ನೆನಪಿಸುವವರು ಒಬ್ಬರಾದರೂ ಬೇಕು.

ಸೀಟಿನ ಬಟ್ಟೆ ಸಾಮಾನ್ಯವಾಗಿ ಮೂರು ಪದರದ್ದು. ಮೇಲೆ ಪಾಲಿಯೆಸ್ಟರ್ ನೇಯ್ಗೆ ಅಥವಾ ಹೆಣಿಗೆ, ನಡುವೆ ಕೆಲವು ಮಿಲಿಮೀಟರ್ ದಪ್ಪದ ಪಾಲಿಯುರಿಥೇನ್ ಫೋಮ್, ಅಡಿಯಲ್ಲಿ ಸ್ಕ್ರಿಮ್ ಎಂಬ ತೆಳು ಆಧಾರ ಬಟ್ಟೆ. ಫೋಮಿನ ಮೈಯನ್ನು ಗ್ಯಾಸ್ ಜ್ವಾಲೆಯಲ್ಲಿ ಕರಗಿಸಿ, ಆ ಅಂಟಿನಿಂದಲೇ ಮೂರನ್ನೂ ರೋಲರುಗಳ ನಡುವೆ ಒತ್ತುತ್ತಾರೆ. ಜ್ವಾಲೆ ಸಾಲದಿದ್ದರೆ ಪದರ ಬಿಡುತ್ತದೆ, ಹೆಚ್ಚಾದರೆ ಫೋಮ್ ತೆಳ್ಳಗಾಗಿ ಬಟ್ಟೆ ಬಿರುಸಾಗುತ್ತದೆ. ಎಳೆದು ಸುತ್ತಿದ ರೋಲನ್ನು ಬಿಚ್ಚಿ, ಸಡಿಲಗೊಳ್ಳಲು ಬಿಡದೆ ಕತ್ತರಿಸಿದರೆ ತುಂಡುಗಳು ಆಮೇಲೆ ಕುಗ್ಗುತ್ತವೆ, ಅಂಚಿನ ನಾಚ್‌ಗಳು (ತುಂಡು ಕೂಡಿಸುವ ಗುರುತುಗಳು) ಕೂಡುವುದಿಲ್ಲ. ಹೊಲಿಯುವವರು ಎಳೆದು ಕೂಡಿಸುತ್ತಾರೆ, ಸೀಟಿನ ಮೇಲೆ ಸುಕ್ಕು ಬೀಳುತ್ತದೆ. ದೂರು ಹೊಲಿಗೆ ಲೈನಿಗೆ ಬರುತ್ತದೆ, ತಪ್ಪು ಕಟಿಂಗ್ ಟೇಬಲ್ಲಿನದು. ಬಟ್ಟೆ ಉಳಿಸಲು ಮಾರ್ಕರ್‌ನಲ್ಲಿ (ಕತ್ತರಿಸುವ ನಕ್ಷೆಯಲ್ಲಿ) ತುಂಡುಗಳನ್ನು ತಿರುಗಿಸುವ ಸಲಹೆ ಖರೀದಿ ವಿಭಾಗದಿಂದ ಆಗಾಗ ಬರುತ್ತದೆ. ಆದರೆ ಹಾಸಿನ ದಿಕ್ಕು ತೋರುವ ಬಾಣದ ಗುರುತು ಅಲಂಕಾರಕ್ಕೆ ಹಾಕಿದ್ದಲ್ಲ.

ಉರಿ ಎಷ್ಟು ವೇಗವಾಗಿ ಹರಡುತ್ತದೆಂದು ನೋಡುವ ಬೆಂಕಿ ಪರೀಕ್ಷೆ ಐಎಸ್‌ಒ 3795 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ. ಮಾದರಿ 356 ಮಿ.ಮೀ. ಉದ್ದ, 100 ಮಿ.ಮೀ. ಅಗಲ. 23 ಡಿಗ್ರಿ, ಶೇ. 50 ತೇವದಲ್ಲಿ ಕನಿಷ್ಠ 24 ಗಂಟೆ ಇಟ್ಟು, ಅಡ್ಡಲಾಗಿ ಹಿಡಿದು, ತುದಿಗೆ 15 ಸೆಕೆಂಡು ಜ್ವಾಲೆ ಕೊಡಬೇಕು. ಬಟ್ಟೆ ಮಾತ್ರ ಪಾಸಾಗಿ, ಫೋಮ್ ಅಂಟಿಸಿದ ಮೇಲೆ ಫೇಲಾಗುವುದು ಸಾಮಾನ್ಯ. ಬರೀ ಪಾಲಿಯೆಸ್ಟರ್ ಕರಗಿ, ಜ್ವಾಲೆಯಿಂದ ದೂರ ಸರಿಯುತ್ತದೆ. ಹಿಂದೆ ಫೋಮ್ ಇದ್ದರೆ ಅದಕ್ಕೆ ಸರಿಯಲು ಜಾಗವಿಲ್ಲ. ಮೃದುವಾಗಲೆಂದು ಹಾಕಿದ ಸಿಲಿಕೋನ್ ಸಾಫ್ಟನರ್ ಕೂಡ ಉರಿ ಹೆಚ್ಚಿಸುತ್ತದೆ. ಬಟ್ಟೆಗೆ ಕೊನೆಯಲ್ಲಿ ಕೊಡುವ ರಾಸಾಯನಿಕಗಳ ಫಿನಿಷಿಂಗ್ ರೆಸಿಪಿ ಬದಲಿಸಿದಾಗ ಈ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.

ನಿಜವಾದ ಎಂಜಿನಿಯರಿಂಗ್ ಇರುವುದು ಸೈಡ್ ಏರ್‌ಬ್ಯಾಗ್ ಹೊಲಿಗೆಯಲ್ಲಿ. ಬ್ಯಾಗು ಸೀಟಿನ ಬೆನ್ನೊಳಗೆ, ಬಾಗಿಲಿನ ಪಕ್ಕ ಕುಳಿತಿರುತ್ತದೆ. ಡಿಕ್ಕಿಯಾದಾಗ ಕೆಲವೇ ಮಿಲಿಸೆಕೆಂಡುಗಳಲ್ಲಿ ಕವರಿನ ಒಂದು ನಿಗದಿತ ಹೊಲಿಗೆಯನ್ನು ಹರಿದು ಹೊರಬರಬೇಕು. ಆ ಹೊಲಿಗೆ ದಿನಬಳಕೆಗೆ ಬಿಚ್ಚಬಾರದು, ಬ್ಯಾಗಿಗೆ ತಡೆಯಾಗಲೂಬಾರದು.

ಇಲ್ಲಿ ದಾರವನ್ನು ನೇರ ಎಳೆದು ಅಳೆದ ಬಲ ಸಾಲದು. ಲಾಕ್‌ಸ್ಟಿಚ್‌ನಲ್ಲಿ ಮೇಲಿನ ದಾರವೂ ಕೆಳಗಿನ ಬಾಬಿನ್ ದಾರವೂ ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಕೊಂಡಿರುತ್ತವೆ, ಹಾಗಾಗಿ ಕುಣಿಕೆಯ ಬಲವನ್ನೇ ಅಳೆಯಬೇಕು. ಹೊಲಿಗೆಯ ಅಂತರ 4 ಮಿ.ಮೀ. ಇದ್ದರೆ 100 ಮಿ.ಮೀ.ಗೆ 25 ಹೊಲಿಗೆ. ಯಾರೋ ಅಚ್ಚುಕಟ್ಟಾಗಿ ಕಾಣಲೆಂದು 3ಕ್ಕೆ ಇಳಿಸಿದರೆ 33. ಮೂರನೇ ಒಂದರಷ್ಟು ಹೆಚ್ಚು ದಾರ ಹರಿಯಬೇಕು. ಬಟ್ಟೆ ತೀರಾ ಹಿಗ್ಗುವಂಥದ್ದಾದರೆ ಬ್ಯಾಗಿನ ಶಕ್ತಿ ಹೊಲಿಗೆ ಹರಿಯುವುದರ ಬದಲು ಬಟ್ಟೆ ಎಳೆಯುವುದರಲ್ಲೇ ಖರ್ಚಾಗುತ್ತದೆ. ಅದಕ್ಕೇ ಆ ಜಾಗದಲ್ಲಿ ಒಳಗಿನಿಂದ ಹಿಗ್ಗದ ಪಟ್ಟಿ ಕೊಡುತ್ತಾರೆ.

ಯಂತ್ರವೂ ಬೇರೆ. ದಾರದ ಲಾಟ್ ಬಾರ್‌ಕೋಡ್ ಓದಿಸದೆ ಹೊಲಿಯುವುದಿಲ್ಲ. ಹೊಲಿಗೆಗಳನ್ನು ಎಣಿಸುತ್ತದೆ, ದಾರದ ಬಿಗಿ ನೋಡುತ್ತದೆ, ಮಿತಿ ಮೀರಿದರೆ ನಿಲ್ಲುತ್ತದೆ, ಸರಿಯಿದ್ದರೆ ಮಾತ್ರ ಲೇಬಲ್ ಕೊಡುತ್ತದೆ. ದಾರ ನಡುವೆ ಕಡಿದರೆ ಆ ಹೊಲಿಗೆಯ ಮೇಲೆ ಮತ್ತೊಂದು ಸಾಲು ಹೊಡೆಯುವುದು ಬೇಡವೇ ಬೇಡ, ಆ ತುಂಡು ಸ್ಕ್ರ್ಯಾಪಿಗೆ. ಇಷ್ಟೆಲ್ಲ ಮಾಡಿ ಕಳಿಸಿದ ಸೀಟಿಗೆ ಆಕ್ಸೆಸರಿ ಅಂಗಡಿಯಲ್ಲಿ ರೆಕ್ಸಿನ್ ಕವರ್ ಬಿಗಿದರೆ ಲೆಕ್ಕವೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತದೆ, ಅದು ಬೇರೆ ಮಾತು.

ಕಾಲೇಜಿನಲ್ಲಿ ಕಲಿಸದ ಭಾಗವೂ ಇದೆ: ಡ್ರಾಯಿಂಗ್ ಓದುವುದು, ಎಫ್‌ಎಂಇಎ (ಎಲ್ಲಿ ಏನು ಕೆಡಬಹುದೆಂದು ಮೊದಲೇ ಪಟ್ಟಿ ಮಾಡುವುದು), ಕಂಟ್ರೋಲ್ ಪ್ಲ್ಯಾನ್ (ಯಾವ ಹಂತದಲ್ಲಿ ಏನು ತಪಾಸಿಸಬೇಕೆಂಬ ಯೋಜನೆ), ಪಿಪಿಎಪಿ (ತಯಾರಿಕೆಗೆ ಗ್ರಾಹಕ ಕಂಪನಿಯ ಒಪ್ಪಿಗೆ ಪಡೆಯುವ ದಾಖಲೆಗಳು), 8ಡಿ ವರದಿ (ದೋಷದ ಮೂಲ ಹುಡುಕಿ ಸರಿಪಡಿಸುವ ಎಂಟು ಹಂತದ ವರದಿ). ಇವನ್ನು ಆರು ತಿಂಗಳಲ್ಲಿ ಹಿಡಿಯಬಹುದು. ಮೆಕ್ಯಾನಿಕಲ್‌ನವರಿಗೆ ನೂಲು, ನೇಯ್ಗೆ, ಡೈಯಿಂಗ್ ಹಿಡಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಲ್ಯಾಬಿನಲ್ಲಿ ಸೇರಿದವರು ವರ್ಷ ಎರಡರೊಳಗೆ ಕಟಿಂಗ್, ಹೊಲಿಗೆ ಲೈನಿಗೆ ಹೋಗಿ, ಅಲ್ಲಿಂದ ಡೆವಲಪ್‌ಮೆಂಟಿಗೆ ಬರುವುದು ಒಳ್ಳೆಯ ದಾರಿ. ಲ್ಯಾಬಿನಲ್ಲೇ ಉಳಿದವರು ಪರೀಕ್ಷಾ ವರದಿಗೆ ಸಹಿ ಹಾಕುತ್ತಲೇ ಇರುತ್ತಾರೆ. ಸಂದರ್ಶನಕ್ಕೆ ಹೋಗುವಾಗ ಒಂದು ಹಳೆಯ ಸೀಟ್ ಕವರನ್ನು ಗುಜರಿಯಿಂದ ತಂದು, ಹೊಲಿಗೆ ಬಿಚ್ಚಿ, ಪ್ರತಿ ತುಂಡಿನ ಹಾಸಿನ ದಿಕ್ಕು, ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಹೊಲಿಗೆಯ ಅಂತರ ಬರೆದುಕೊಂಡು ಹೋಗಿ. ಪ್ರಾಜೆಕ್ಟ್ ವರದಿಗಿಂತ ಅದರ ಬಗ್ಗೆಯೇ ಹೆಚ್ಚು ಪ್ರಶ್ನೆ ಬರುತ್ತವೆ.