ಕೊನೆಯ ಪುಟದ ಗೀಚುಗಳು

ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಪುಟ ನಮ್ಮ ಕಾಲದಲ್ಲೂ ಖಾಲಿ ಇರುತ್ತಿರಲಿಲ್ಲ. ಬಳ್ಳಿ, ಮೀನಿನ ಹುರುಪೆ, ಚೌಕಳಿ, ಸುರುಳಿ ಎಲ್ಲ ಇರುತ್ತಿದ್ದವು. ಡ್ರಾಯಿಂಗ್ ಮೇಷ್ಟ್ರು ಬೈಯುತ್ತಿರಲಿಲ್ಲ. ಪುಟವನ್ನು ಕೈಯಳತೆ ದೂರ ಹಿಡಿದು, ಇದರಲ್ಲಿ ಎಲ್ಲಕ್ಕಿಂತ ಕಪ್ಪಾಗಿ ಕಾಣೋದು ಯಾವುದು ಎನ್ನುತ್ತಿದ್ದರು. ಕಪ್ಪು ಬಿಳುಪು ಚಿತ್ರದ ಪಾಠವೆಲ್ಲ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಈಗ ಅದೇ ಬೆಂಚುಗಳಲ್ಲಿ ಕೂತು ಗೀಚುತ್ತಿರುವವರಿಗಾಗಿ ಆ ಪಾಠವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಪ್ಪು ಶಾಯಿಯಲ್ಲಿ ಬೂದು ಇಲ್ಲ. ಗೆರೆಗಳು ಎಷ್ಟು ಒತ್ತಾಗಿವೆ ಎಂಬುದನ್ನು ನೋಡಿ ಕಣ್ಣೇ ಬೂದನ್ನು ಕಟ್ಟಿಕೊಳ್ಳುತ್ತದೆ. ಚಿತ್ರ ಬರೆಯುವ ಸಣ್ಣ ಮೊನೆಯ ಮೈಕ್ರಾನ್ ಪೆನ್ನುಗಳಲ್ಲಿ 01 ನಂಬರಿನದರ ಗೆರೆ 0.25 ಮಿ.ಮೀ. ದಪ್ಪ. ಮಿಲಿಮೀಟರಿಗೊಂದರಂತೆ ಎಳೆದರೆ ಜಾಗದ ಶೇ. 25 ಕಪ್ಪು, ಅರ್ಧ ಮಿಲಿಮೀಟರಿಗೊಂದಾದರೆ ಶೇ. 50. ಮಿಲಿಮೀಟರಿಗೊಂದರಂತೆ ಎಳೆದ ಗೆರೆಗಳ ಮೇಲೆ ಅಷ್ಟೇ ಅಂತರದ ಅಡ್ಡಗೆರೆ ಹಾಕಿದರೆ 50 ಆಗುವುದಿಲ್ಲ, ಸುಮಾರು 44 ಆಗುತ್ತದೆ. ಗೆರೆಗಳು ದಾಟುವ ಕಡೆ ಕಪ್ಪಿನ ಮೇಲೇ ಕಪ್ಪು ಬಿದ್ದಿರುತ್ತದಲ್ಲ! ಮೊದಲು 2 ಸೆಂ.ಮೀ.ನ ಐದು ಚೌಕ ಹಾಕಿ, ಖಾಲಿ ಬಿಳಿಯಿಂದ ಪೂರ್ತಿ ಕಪ್ಪಿನವರೆಗೆ ಬೇರೆ ಬೇರೆ ವಿನ್ಯಾಸಗಳಲ್ಲಿ ತುಂಬಿ. ಕಣ್ಣು ಕಿರಿದು ಮಾಡಿ ನೋಡಿದಾಗ ಎರಡು ಚೌಕ ಒಂದೇ ಥರ ಕಂಡರೆ ಅದರಲ್ಲೊಂದನ್ನು ಮತ್ತೆ ಮಾಡಿ.

ಅಮೆರಿಕದ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ದಂಪತಿ ರೂಪಿಸಿದ, ಸಣ್ಣ ಹಾಳೆಯನ್ನು ಗೆರೆಯ ವಿನ್ಯಾಸಗಳಿಂದ ತುಂಬುವ ಝೆಂಟ್ಯಾಂಗಲ್ ಪದ್ಧತಿಯಲ್ಲಿ ಹಾಳೆ ಮೂರೂವರೆ ಇಂಚಿನ ಚೌಕ. ಅಭ್ಯಾಸಕ್ಕೆ ಅಷ್ಟು ಸಾಕು, ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಗೆ ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆದು ಬರೆಯುವ ಹಸೆ ಚಿತ್ತಾರವನ್ನೂ ಹತ್ತಿರ ನಿಂತು ನೋಡಬೇಕು. ಗೆರೆ ಗೆರೆಗಳ ನಡುವೆ ಬಿಟ್ಟ ಜಾಗವೂ ಅಲ್ಲಿ ಚಿತ್ರದ ಭಾಗವೇ.

ವಿನ್ಯಾಸ ಕೈಗೆ ಕೂತ ಮೇಲೆ ಒಂದು ಹಲಸಿನ ಹಣ್ಣು ಬರೆದು ನೋಡಿ. ಎಲ್ಲ ಮುಳ್ಳನ್ನೂ ಒಂದೇ ಅಳತೆಯಲ್ಲಿ ತುಂಬಿದರೆ ಹಣ್ಣು ಕಾಣುವುದಿಲ್ಲ, ಚೌಕಳಿ ಬಟ್ಟೆ ಕಾಣುತ್ತದೆ. ನಡುವಿನ ಮುಳ್ಳು ದುಂಡಗಿರಲಿ, ಅಂಚಿಗೆ ಹೋದಂತೆ ಕಿರಿದಾಗಿ ಒತ್ತಿಕೊಳ್ಳಲಿ. ನೆರಳಿನ ಕಡೆ ಮುಳ್ಳುಗಳ ಸಂದಿಗೆ ಪೂರ್ತಿ ಕಪ್ಪು ತುಂಬಿ. ಬೆಳಕು ಬೀಳುವ ಕಡೆ ಗೆರೆ ಮುಗಿಸಲೇಬೇಡಿ, ಐದಾರು ಚುಕ್ಕೆ ಇಟ್ಟು ಬಿಟ್ಟುಬಿಡಿ, ಉಳಿದದ್ದನ್ನು ಕಣ್ಣು ತುಂಬಿಕೊಳ್ಳುತ್ತದೆ. ಹೀಗೆ ಬಿಡುವುದೇ ಎಲ್ಲಕ್ಕಿಂತ ಕಷ್ಟ. ಗೀಚುವ ಕೈಗೆ ಖಾಲಿ ಜಾಗ ಕಂಡರೆ ತುಂಬುವ ಆಸೆ.

ಜೆರಾಕ್ಸ್ ಹಾಳೆ ಬೇಡ, ಅದರಲ್ಲಿ ಗೆರೆಯ ಅಂಚು ಹರಡಿಕೊಳ್ಳಬಹುದು. ನುಣುಪಾದ, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಆಸುಪಾಸಿನ ಹಾಳೆ ಒಳ್ಳೆಯದು. ಪೆನ್ನು ಒತ್ತಿ ಹಿಡಿದರೆ ಸಣ್ಣ ನಿಬ್ಬು ಒಳಕ್ಕೆ ಕುಸಿಯುತ್ತದೆ. ದೊಡ್ಡ ಕಪ್ಪು ಜಾಗಗಳಿಗೆ 08 ನಂಬರು ಅಥವಾ ಬ್ರಷ್ಷು ಹಿಡಿಯಿರಿ. ಶಾಯಿ ಒಣಗುವ ಮೊದಲು ರಬ್ಬರ್ ತಾಗಿಸಿದರೆ ಗೆರೆ ಕದಡಿ ಹಾಳೆಯೆಲ್ಲ ಮಸಿಯಾಗುತ್ತದೆ. ಒಣಗಿದ ಮೇಲೂ ಜೋರಾಗಿ ಉಜ್ಜಿದರೆ ಕಪ್ಪು ಮಂಕಾಗುತ್ತದೆ, ಹಾಗಾಗಿ ಪೆನ್ಸಿಲ್ ಗುರುತೇ ತೆಳುವಾಗಿರಲಿ.

ಈ ಸಂಚಿಕೆಗೆ ಚಿತ್ರ ಕೊಡುವವರು ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯಿರಿ. ಕುಗ್ಗಿದಾಗ 0.25ರ ಗೆರೆ 0.17 ಆಗುತ್ತದೆ, ಅದು ಅಚ್ಚಿನಲ್ಲಿ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಕುಗ್ಗಿಸಿದರೆ ಗೆರೆ ಕಡಿಯಬಹುದು, ಒತ್ತಾದ ಕಡೆ ಸಂದಿ ಮುಚ್ಚಿ ಬರೀ ಕಪ್ಪಾಗಬಹುದು. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಡಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ.