12 ವರ್ಷ ಆ ಇಬ್ಬರು ಎಲ್ಲಿದ್ದರು?

ನನ್ನ ಹತ್ತಿರ ಗಿಟಾರ್ ಕಲಿಯಲು ಬರುವವರಿಗೆ ಬೆರಳು ಪಳಗಲಿ ಎಂದು ಕೊಡುವ ಹಾಡುಗಳಲ್ಲಿ ನಾರ್ವೆಯ 'ಕಿಂಗ್ಸ್ ಆಫ್ ಕನ್ವೀನಿಯನ್ಸ್' ಎಂಬ ಇಬ್ಬರ ಬ್ಯಾಂಡಿನವು ಒಂದೆರಡಾದರೂ ಇದ್ದೇ ಇರುತ್ತವೆ. ಹಾಡು ಹಿಡಿಸಿದವರು ಮನೆಗೆ ಹೋಗಿ ಉಳಿದದ್ದನ್ನೂ ಹುಡುಕಿ ಕೇಳುತ್ತಾರೆ. ಆಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, 2009ರಲ್ಲಿ ಒಂದು ಆಲ್ಬಂ ಇದೆ, ಅದಾದಮೇಲೆ 2021ಕ್ಕೇ ಇನ್ನೊಂದು. ನಡುವೆ ಬ್ಯಾಂಡ್ ಒಡೆದುಹೋಗಿತ್ತಾ? ಇಷ್ಟು ಚೆನ್ನಾಗಿ ಹಾಡೋರು ಯಾಕೆ ಇಷ್ಟು ಕಡಿಮೆ ಹಾಡಿದ್ರು?"

ಒಡೆದಿರಲಿಲ್ಲ. ಬ್ಯಾಂಡ್ ಇಷ್ಟು ಕಾಲ ಉಳಿದಿರುವುದೇ ಆ ದೊಡ್ಡ ಬಿಡುವುಗಳಿಂದ ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಹೇಳಬೇಕಾದರೆ ಬರ್ಗನ್‌ನಿಂದ ಶುರುಮಾಡಬೇಕು.

ನಾರ್ವೆಯ ಪಶ್ಚಿಮ ಕರಾವಳಿಯ ಊರು ಬರ್ಗನ್. ಸುತ್ತ ಬೆಟ್ಟ, ಎದುರಿಗೆ ಸಮುದ್ರ, ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಳೆ. ಬ್ಯಾಂಡಿನ ಎರ್ಲೆಂಡ್ ಓಯೆ ಮತ್ತು ಐರಿಕ್ ಗ್ಲಾಂಬೆಕ್ ಬೋ ಇಬ್ಬರೂ ಹುಟ್ಟಿದ್ದು 1975ರಲ್ಲಿ, ಇಬ್ಬರೂ ಶಾಲೆಯ ದಿನಗಳಿಂದಲೇ ಗೆಳೆಯರು. ಹದಿಹರೆಯದಲ್ಲಿ ಇನ್ನಿಬ್ಬರು ಗೆಳೆಯರ ಜೊತೆ 'ಸ್ಕೂಗ್' ಎಂಬ ಬ್ಯಾಂಡ್ ಕಟ್ಟಿದ್ದರು. ಆಗ ಹೊರಗಿನ ಜಗತ್ತಿಗೆ ನಾರ್ವೆಯ ಸಂಗೀತವೆಂದರೆ ಎರಡೇ. ಒಂದು, 1985ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಪಾಪ್ ಬ್ಯಾಂಡ್ ಆ-ಹಾ. ಇನ್ನೊಂದು, ಮುಖಕ್ಕೆ ಕಪ್ಪು ಬಿಳಿ ಬಣ್ಣ ಬಳಿದುಕೊಂಡು ಅಬ್ಬರಿಸುವ ಬ್ಲ್ಯಾಕ್ ಮೆಟಲ್. 'ಇಮ್ಮಾರ್ಟಲ್' ಎಂಬ ಹೆಸರಾಂತ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಹುಟ್ಟಿದ್ದು ಇದೇ ಬರ್ಗನ್‌ನಲ್ಲಿ, ಇವರು ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ. ಅಂಥ ಊರಿನಲ್ಲಿ ಇಬ್ಬರು ಹುಡುಗರು ಎರಡು ಅಕೌಸ್ಟಿಕ್ ಗಿಟಾರ್ ಹಿಡಿದು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎನ್ನುವಷ್ಟು ಮೆಲ್ಲಗೆ ಹಾಡಲು ಹೊರಟರು. ಅದಕ್ಕೆ ಎಂಥ ಧೈರ್ಯ ಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

1999ರಲ್ಲಿ ಯುರೋಪಿನ ಸಂಗೀತೋತ್ಸವಗಳಲ್ಲಿ ಹಾಡಿದರು. 2000ದಲ್ಲಿ ಕಿಂಡರ್‌ಕೋರ್ ಎಂಬ ಅಮೆರಿಕದ ಪುಟ್ಟ ಕಂಪನಿ ಬ್ಯಾಂಡಿನ ಹೆಸರಿನಲ್ಲೇ ಒಂದು ಆಲ್ಬಂ ತಂದಿತು. ಅದರ ಹಾಡುಗಳಲ್ಲಿ ಕೆಲವು 2001ರ ಜನವರಿಯಲ್ಲಿ ಬಂದ 'ಕ್ವಯಟ್ ಈಸ್ ದ ನ್ಯೂ ಲೌಡ್' ಆಲ್ಬಂನಲ್ಲೂ ಇದ್ದವು. ಅದನ್ನು ನಿರ್ಮಿಸಿದವರು ಕೆನ್ ನೆಲ್ಸನ್. ಬ್ರಿಟನ್ನಿನ ಬ್ಯಾಂಡ್ ಕೋಲ್ಡ್‌ಪ್ಲೇಯ ಮೊದಲ ಆಲ್ಬಂ 'ಪ್ಯಾರಶೂಟ್ಸ್' ಕೂಡ ಅವರದೇ ಕೈಕೆಲಸ, ಹಿಂದಿನ ವರ್ಷವಷ್ಟೇ ಬಂದಿತ್ತು. ನಾರ್ವೆಯ ಇಬ್ಬರಿಟ್ಟ ಆ ಶೀರ್ಷಿಕೆ ('ಮೆಲುದನಿಯೇ ಹೊಸ ಅಬ್ಬರ' ಎಂದು ಅರ್ಥ) ಒಂದು ಬಾವುಟವೇ ಆಯಿತು. ಮೆದುವಾಗಿ ಹಾಡುವವರೆಲ್ಲರನ್ನೂ ಪತ್ರಿಕೆಗಳು ಅದರ ಕೆಳಗೆ ಸಾಲಾಗಿ ನಿಲ್ಲಿಸಿದವು.

ಪಾಪ್ ಸಂಗೀತದ ರೂಢಿಯಂತೆ ಮುಂದೆ ಆಗಬೇಕಾದದ್ದು ಎಲ್ಲರಿಗೂ ಗೊತ್ತು. ಬಿಸಿ ಆರುವ ಮೊದಲು ಎರಡನೇ ಆಲ್ಬಂ, ಇನ್ನೂ ದೊಡ್ಡ ವೇದಿಕೆ, ವರ್ಷಗಟ್ಟಲೆ ಊರೂರು ತಿರುಗಾಟ. ಇವರು ಆ ದಾರಿ ಹಿಡಿಯಲಿಲ್ಲ. ಅದೇ ವರ್ಷ ತಮ್ಮ ಹಾಡುಗಳನ್ನು ಬೇರೆಯವರ ಕೈಗೆ ಕೊಟ್ಟು 'ವರ್ಸಸ್' ಎಂಬ ರೀಮಿಕ್ಸ್ ಆಲ್ಬಂ ಮಾಡಿಸಿದರು. ಐರಿಕ್ ಮನಶ್ಶಾಸ್ತ್ರ ಓದಿಕೊಂಡು ಬರ್ಗನ್‌ನಲ್ಲೇ ಉಳಿದರು. ಎರ್ಲೆಂಡ್ ಬರ್ಲಿನ್ ಸೇರಿದರು.

12 ವರ್ಷದ ಬಗ್ಗೆ ಕೇಳುವವರು ಈ ಮೊದಲ ಬಿಡುವನ್ನು ಗಮನಿಸುವುದಿಲ್ಲ. ಮುಂದೆ ಆದದ್ದರ ಬೀಜವೆಲ್ಲ ಇಲ್ಲಿದೆ. ಒಬ್ಬರಿಗೆ ಹುಟ್ಟಿದ ಊರು ಬೇಕು, ಓದು ಬೇಕು, ಮನೆ ಬೇಕು. ಇನ್ನೊಬ್ಬರ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಎರ್ಲೆಂಡ್ 2003ರಲ್ಲಿ ತಂದ ತಮ್ಮದೇ ಆಲ್ಬಂ 'ಅನ್‌ರೆಸ್ಟ್' ನೋಡಿ: ಹತ್ತು ಹಾಡು, ಹತ್ತು ಊರು, ಹತ್ತು ನಿರ್ಮಾಪಕರು! ಅದಕ್ಕೂ ಮೊದಲೇ, ಬರ್ಗನ್‌ನಲ್ಲಿ ನೆಲೆಸಿದ್ದ ರೋಯ್ಕ್ಸಾಪ್ ಎಂಬ ಎಲೆಕ್ಟ್ರಾನಿಕ್ ಜೋಡಿಯ 'ರಿಮೈಂಡ್ ಮಿ' ಹಾಡಿಗೆ ದನಿ ಕೊಟ್ಟವರು ಇವರೇ. ಹಾಡು ಎಲ್ಲೋ ಕೇಳಿದ ಹಾಗಿದೆ, ಹಾಡಿದವರು ಯಾರೆಂದು ಗೊತ್ತಿಲ್ಲ ಎನ್ನುವವರು ಇವತ್ತಿಗೂ ಸಿಗುತ್ತಾರೆ.

ಈ ಇಬ್ಬರಲ್ಲಿ ಯಾರಾದರೊಬ್ಬರು ಇನ್ನೊಬ್ಬರನ್ನು ತಮ್ಮ ದಾರಿಗೆ ಎಳೆಯಲು ಹೋಗಿದ್ದರೆ ಬ್ಯಾಂಡಿನ ಕಥೆ 2002ರಲ್ಲೇ ಮುಗಿಯುತ್ತಿತ್ತು. ಅವರು ಎಳೆಯಲಿಲ್ಲ. ತಮ್ಮ ತಮ್ಮ ಪಾಡಿಗೆ ಬದುಕಿ, ಹಾಡಲು ಏನಾದರೂ ಸೇರಿದಾಗ ಕೂತರು. ಹಾಗೆ ಕೂತಾಗ ಹುಟ್ಟಿದ್ದು 2004ರ 'ರಯಟ್ ಆನ್ ಆ್ಯನ್ ಎಂಪ್ಟಿ ಸ್ಟ್ರೀಟ್'. ನನ್ನ ಮಟ್ಟಿಗೆ ಇದೇ ಅವರ ಅತ್ಯುತ್ತಮ ಕೆಲಸ.

ಅದರ ಮೊದಲ ಹಾಡು 'ಹೋಮ್‌ಸಿಕ್'. ಯಾವುದೋ ಅಂಗಡಿಯಲ್ಲೋ ಕಚೇರಿಯಲ್ಲೋ ಕೆಲಸ ಮಾಡುವ ಒಬ್ಬ, ಕೈಗೆ ಸಿಕ್ಕ ಹಳೆಯ ರೆಕಾರ್ಡಿನಲ್ಲಿ ಬೆರೆತು ಕೇಳುವ ಎರಡು ಮೆದು ದನಿಗಳಿಗೆ ಕಿವಿಗೊಟ್ಟು ಕೆಲಸ ಮರೆಯುತ್ತಾನೆ. ವ್ಯಾಪಾರ ಕೆಡುತ್ತದೆ, ಯಜಮಾನ ಸಿಟ್ಟಾಗುತ್ತಾನೆ ಎಂದು ಗೊತ್ತಿದ್ದರೂ ನಿಲ್ಲಿಸಲಾರ. ಕಥೆ ಇಷ್ಟೇ. ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಹೆಚ್ಚಿನ ಬ್ಯಾಂಡುಗಳಲ್ಲಿ ಒಬ್ಬರದು ಮುಖ್ಯ ದನಿ, ಇನ್ನೊಬ್ಬರದು ಆಸರೆಯ ದನಿ, ಎರಡನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಇಲ್ಲಿ ಎರಡು ದನಿಗಳೂ ಒಂದೇ ಎತ್ತರದಲ್ಲಿ, ಒಂದೇ ಉಸಿರಿನಲ್ಲಿ ಸಾಗುತ್ತವೆ. ಸಾಲಿನ ಕೊನೆಯ ಅಕ್ಷರವನ್ನು ಒಬ್ಬರು ಒಂದು ಚೂರು ಮೊದಲು ಬಿಟ್ಟರೂ ಕಿವಿಗೆ ತಾಕುತ್ತದೆ. ಬೆರಳು ತಂತಿಯ ಮೇಲೆ ಜಾರುವ ಕಿರ್ರ್ ಸದ್ದು ಕೂಡ ಕೇಳಿಸುತ್ತದೆ. ಡ್ರಮ್ಸ್ ಬಡಿತದ ಹಿಂದೆ ಅಡಗಿಸಿಡಬಹುದಾದ ತಪ್ಪುಗಳಿಗೆ ಇಲ್ಲಿ ಜಾಗವೇ ಇಲ್ಲ.

ಆಲ್ಬಂನ ಎರಡು ಹಾಡುಗಳಲ್ಲಿ ಕೆನಡಾದ ಗಾಯಕಿ ಫೈಸ್ಟ್ ಇದ್ದಾರೆ. ಅವರು ಜಗತ್ತಿನಾದ್ಯಂತ ಹೆಸರಾಗುವುದಕ್ಕೆ ಆಗ ಇನ್ನೂ ಮೂರು ವರ್ಷ ಬಾಕಿ ಇತ್ತು. 'ನೋ-ಹೌ' ಹಾಡಿನ ಕೊನೆಯ ಭಾಗದಲ್ಲಿ ಅವರ ದನಿ ಬರುವವರೆಗೆ ಹಾಡಿಗೆ ಇನ್ನೇನೂ ಬೇಕಿಲ್ಲ ಅನಿಸುತ್ತಿರುತ್ತದೆ. ಬಂದಮೇಲೆ, ಅವರಿಲ್ಲದ ಆ ಹಾಡನ್ನು ಊಹಿಸಿಕೊಳ್ಳಲಾಗುವುದಿಲ್ಲ.

ಮತ್ತೆ ಬಿಡುವು. ಎರ್ಲೆಂಡ್ ಬರ್ಲಿನ್‌ನಲ್ಲಿ 'ದ ವೈಟೆಸ್ಟ್ ಬಾಯ್ ಅಲೈವ್' ಎಂಬ ಬ್ಯಾಂಡ್ ನಡೆಸುತ್ತಿದ್ದರು. ಎಲೆಕ್ಟ್ರಾನಿಕ್ ಕುಣಿತದ ಸಂಗೀತವೆಂದು ಶುರುವಾದ ಅದು, ಕೊನೆಗೆ ಕಂಪ್ಯೂಟರಿನ ಬಡಿತವನ್ನೆಲ್ಲ ಬಿಟ್ಟು ಮನುಷ್ಯರೇ ನುಡಿಸುವ ಬ್ಯಾಂಡ್ ಆಯಿತು. 2006ರಲ್ಲಿ 'ಡ್ರೀಮ್ಸ್', 2009ರಲ್ಲಿ 'ರೂಲ್ಸ್'. ಅದೇ 2009ರಲ್ಲಿ ಕಿಂಗ್ಸ್ ಆಫ್ ಕನ್ವೀನಿಯನ್ಸ್ ಕೂಡ 'ಡಿಕ್ಲರೇಷನ್ ಆಫ್ ಡಿಪೆಂಡೆನ್ಸ್' ತಂದರು. ಒಂದು ಬ್ಯಾಂಡಿನಲ್ಲಿ ಜನ ಕುಣಿಯಲೆಂದೇ ಡ್ರಮ್ಸ್. ಇನ್ನೊಂದರ ಆಲ್ಬಂನಲ್ಲಿ ಮೊದಲಿಂದ ಕೊನೆಯವರೆಗೆ ಡ್ರಮ್ಸೇ ಇಲ್ಲ, ತಾಳವೆಲ್ಲ ಗಿಟಾರುಗಳಿಂದಲೇ. 'ಮಿಸೆಸ್ ಕೋಲ್ಡ್' ಕೇಳಿದರೆ ಬಲಗೈಯೊಂದೇ ಎಷ್ಟು ಕೆಲಸ ಮಾಡಬಲ್ಲದು ಎಂದು ಗೊತ್ತಾಗುತ್ತದೆ. ಕಲಿಯುವವರಿಗೆ ನಾನು ಇದನ್ನೇ ಕೊಡುವುದು.

ಇನ್ನು ಆ 12 ವರ್ಷ. ಎರ್ಲೆಂಡ್ ಇಟಲಿಯ ಸಿಸಿಲಿ ದ್ವೀಪದ ಸಿರಾಕುಸಾದಲ್ಲಿ ಮನೆ ಮಾಡಿದರು. 2013ರಲ್ಲಿ ಇಟಾಲಿಯನ್ ಭಾಷೆಯಲ್ಲೇ ಒಂದು ಹಾಡು ಬಿಟ್ಟರು. 2014ರಲ್ಲಿ ಐಸ್‌ಲ್ಯಾಂಡಿನ ಹ್ಯಾಲ್ಮಾರ್ ಎಂಬ ರೆಗೆ ಬ್ಯಾಂಡನ್ನು ಜೊತೆಗಿಟ್ಟುಕೊಂಡು 'ಲೆಗಾವೊ' ಆಲ್ಬಂ ಮಾಡಿದರು. ಐರಿಕ್ ಬರ್ಗನ್‌ನಲ್ಲಿದ್ದುಕೊಂಡೇ 'ಕೊಮೋಡೆ' ಬ್ಯಾಂಡಿನೊಡನೆ 2017ರಲ್ಲಿ 'ಅನಲಾಗ್ ಡಾನ್ಸ್ ಮ್ಯೂಸಿಕ್' ಹೊರತಂದರು. ನಡುನಡುವೆ ಇಬ್ಬರೂ ಸೇರಿ ಕಛೇರಿಗಳನ್ನು ಕೊಡುತ್ತಲೂ ಇದ್ದರು. ಇಬ್ಬರು, ಎರಡು ಗಿಟಾರ್, ಲಾರಿಗಟ್ಟಲೆ ಸಾಮಾನಿಲ್ಲ. ಇಂಥ ಬ್ಯಾಂಡಿಗೆ ಕಾಯುವುದು ದುಬಾರಿಯಲ್ಲ. ಹತ್ತಾರು ಜನರ ಸಂಬಳ ನಡೆಯಬೇಕಾದ ತಂಡ ಹೀಗೆ ಕಾಯಲಾರದು. ಸಣ್ಣದಾಗಿಯೇ ಉಳಿದದ್ದು ಅವರಿಗೆ ಕೊಟ್ಟ ದೊಡ್ಡ ಸ್ವಾತಂತ್ರ್ಯ ಇದು.

2021ರ ಜೂನ್‌ನಲ್ಲಿ 'ಪೀಸ್ ಆರ್ ಲವ್' ಬಂತು. ಅದರ ಧ್ವನಿಮುದ್ರಣ ಐದು ವರ್ಷಗಳ ಕಾಲ, ಐದು ಊರುಗಳಲ್ಲಿ ನಡೆದಿತ್ತು. ಕೇಳಿದರೆ ಇಬ್ಬರು ಒಂದು ಮಧ್ಯಾಹ್ನ ಕೂತು ಹಾಡಿ ಎದ್ದುಹೋದಂತಿದೆ. ಐದು ವರ್ಷ ಏನು ಮಾಡಿದರು ಎಂದು ಯಾರಾದರೂ ಕೇಳಬಹುದು. ಮೇಲೆ 'ಹೋಮ್‌ಸಿಕ್' ಬಗ್ಗೆ ಹೇಳಿದೆನಲ್ಲ, ಉತ್ತರ ಅಲ್ಲಿದೆ. ಏನನ್ನೂ ಮುಚ್ಚಲಾಗದ ಸಂಗೀತದಲ್ಲಿ ಇಬ್ಬರ ಉಸಿರೂ ಒಟ್ಟಿಗೆ ಕೂಡಿದ ಗಳಿಗೆ ಸಿಗುವವರೆಗೆ ಮತ್ತೆ ಮತ್ತೆ ಹಾಡಬೇಕು. ಇಬ್ಬರೇ ಇರುವ ಬ್ಯಾಂಡಿನಲ್ಲಿ ಒಬ್ಬರಿಗೆ ಒಪ್ಪಿಗೆಯಾಗದಿದ್ದರೆ ಬಹುಮತ ಎಂಬುದೂ ಇಲ್ಲ.

ಆ ಆಲ್ಬಂನಲ್ಲಿ ಎರಡು ಹಾಡುಗಳಿಗೆ ಫೈಸ್ಟ್ ಮತ್ತೆ ಬಂದಿದ್ದಾರೆ, 17 ವರ್ಷಗಳ ನಂತರ. 'ಲವ್ ಈಸ್ ಎ ಲೋನ್ಲಿ ಥಿಂಗ್' ಕೇಳಿ. ಮೂವರ ದನಿಯಲ್ಲೂ ವಯಸ್ಸು ಕೇಳಿಸುತ್ತದೆ, ಅವಸರ ಹೋಗಿದೆ. 2004ರ ಆಲ್ಬಂನ ಎತ್ತರವನ್ನು ಇಡಿಯಾಗಿ ಮುಟ್ಟಿದೆ ಎಂದು ನಾನು ಹೇಳಲಾರೆ. ಒಂದೆರಡು ಹಾಡು ಹಳೆಯ ಜಾಡಿನಲ್ಲೇ ಹೋಗುತ್ತವೆ. ಆದರೆ 45 ದಾಟಿದವರು 25ರವರಂತೆ ನಟಿಸದೆ, ತಮ್ಮ ವಯಸ್ಸಿನಲ್ಲೇ ನಿಂತು ಪ್ರೀತಿಯ ಬಗ್ಗೆ ಹಾಡುವುದು ಪಾಪ್ ಸಂಗೀತದಲ್ಲಿ ಅಪರೂಪ. ವರ್ಷಕ್ಕೊಂದು ಆಲ್ಬಂ ಮಾಡುತ್ತಾ ಬಂದಿದ್ದರೆ ಈ ದನಿ ಅವರಿಗೆ ದಕ್ಕುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಹೊಸದಾಗಿ ಕೇಳುವವರು 2004ರ ಆಲ್ಬಂನಿಂದ ಶುರುಮಾಡಿ, ಮೊದಲ ಹಾಡಿನಿಂದ ಕೊನೆಯದರವರೆಗೆ ಕ್ರಮವಾಗಿ ಕೇಳಿ. ಆಮೇಲೆ 2009ರದು, ಅದಾದಮೇಲೆ 2001ರದು. 'ಪೀಸ್ ಆರ್ ಲವ್' ಕೊನೆಗಿರಲಿ. ಗಿಟಾರ್ ಇರುವವರು 'ಮಿಸೆಸ್ ಕೋಲ್ಡ್'ಗೆ ಕೈ ಹಾಕುವ ಮೊದಲು ಎಡಗೈ ಬಿಟ್ಟು ಬಲಗೈಯ ತಾಳ ಒಂದನ್ನೇ ಕೂರಿಸಿಕೊಳ್ಳಿ.