ವಾಲ್ಟೇರ್ ಆಡದ ಮಾತು

‘ನಿಮ್ಮನ್ನು ಆಳುತ್ತಿರುವವರು ಯಾರೆಂದು ತಿಳಿಯಬೇಕಿದ್ದರೆ, ಯಾರನ್ನು ಟೀಕಿಸಲು ನಿಮಗೆ ಅವಕಾಶವಿಲ್ಲ ಎಂಬುದನ್ನು ನೋಡಿಕೊಳ್ಳಿ.’ ಫ್ರಾನ್ಸಿನ ಚಿಂತಕ ವಾಲ್ಟೇರನ ಹೆಸರು ಹೊತ್ತು ಈ ಮಾತು ವಾಟ್ಸ್‌ಆ್ಯಪ್‌ನಲ್ಲಿ, ಭಾಷಣಗಳಲ್ಲಿ, ಚರ್ಚಾಸ್ಪರ್ಧೆಗಳಲ್ಲಿ ಓಡಾಡುತ್ತಲೇ ಇರುತ್ತದೆ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ತಿದ್ದುವಾಗ, ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಬರೆದ ಲೇಖನದ ತಲೆಯ ಮೇಲೆ ಇದೇ ವಾಕ್ಯ ಚೌಕಟ್ಟಿನೊಳಗೆ ದಪ್ಪಕ್ಷರಗಳಲ್ಲಿ ಕೂತಿತ್ತು. ಇದು ಯಾವ ಕೃತಿಯಲ್ಲಿದೆ ಎಂದು ಕೇಳಿದಾಗ ಅವಳು, “ಎಲ್ಲ ಕಡೆ ವಾಲ್ಟೇರ್ ಅಂತಲೇ ಇದೆ ಸರ್, ಆದರೆ ಪುಸ್ತಕದ ಹೆಸರು ಎಲ್ಲೂ ಇಲ್ಲ” ಎಂದಳು. ಪುಟಗಳು ಮುದ್ರಣಾಲಯಕ್ಕೆ ಹೋಗಲು ಮರುದಿನದವರೆಗೆ ಸಮಯವಿತ್ತು. ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ ಇಬ್ಬರೂ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತೆವು.

ಈ ಮಾತು ವಾಲ್ಟೇರನಿಗೆ ಇಷ್ಟು ಸಲೀಸಾಗಿ ಅಂಟಿಕೊಂಡಿದ್ದಕ್ಕೆ ಅವನ ಬದುಕೇ ಕಾರಣ. ರಾಜಪ್ರತಿನಿಧಿಯನ್ನು ಹಂಗಿಸುವ ಪದ್ಯಗಳನ್ನು ಬರೆದನೆಂದು 1717ರಲ್ಲಿ ಅವನನ್ನು ಬಾಸ್ಟೀಲ್ ಸೆರೆಮನೆಗೆ ತಳ್ಳಿದರು. ಇಂಗ್ಲೆಂಡಿನ ಬಗ್ಗೆ ಅವನು ಬರೆದ ಪತ್ರಗಳ ಪುಸ್ತಕವನ್ನು 1734ರಲ್ಲಿ ಪ್ಯಾರಿಸ್ಸಿನಲ್ಲಿ ಸುಡಿಸಿದರು. ಅಧಿಕಾರವನ್ನು ಪ್ರಶ್ನಿಸುವ ಯಾವ ಮಾತನ್ನು ತಂದು ಅವನ ಬಾಯಿಗಿಟ್ಟರೂ ಜನ ನಂಬುತ್ತಾರೆ. ‘ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಆಡುವ ನಿನ್ನ ಹಕ್ಕಿಗಾಗಿ ಪ್ರಾಣವನ್ನಾದರೂ ಕೊಟ್ಟೇನು’ ಎಂಬ ಇನ್ನೂ ಪ್ರಸಿದ್ಧವಾದ ವಾಕ್ಯವೂ ಅವನದಲ್ಲ. ಅದು 1906ರಲ್ಲಿ ಇಂಗ್ಲಿಷ್ ಲೇಖಕಿ ಈವ್ಲಿನ್ ಬಿಯಾಟ್ರಿಸ್ ಹಾಲ್ ಅವನ ಮನೋಭಾವವನ್ನು ವಿವರಿಸಲು ತಾನೇ ಬರೆದ ವಾಕ್ಯ. ಆಕೆಯ ವಾಕ್ಯ ಅವನ ನಿಲುವಿಗೆ ನಿಷ್ಠವಾಗಿತ್ತು ಎಂಬ ಸಮಾಧಾನವಾದರೂ ಅಲ್ಲಿದೆ.

ನಾವು ಹುಡುಕುತ್ತಿದ್ದ ಮಾತಿಗೆ ಆ ಸಮಾಧಾನವೂ ಇರಲಿಲ್ಲ. ವಾಲ್ಟೇರನ ಸಮಗ್ರ ಕೃತಿಗಳನ್ನು ಆಕ್ಸ್‌ಫರ್ಡಿನ ವಿದ್ವಾಂಸರು 205 ಸಂಪುಟಗಳಲ್ಲಿ ಸಂಪಾದಿಸಿ 2022ರಲ್ಲಿ ಮುಗಿಸಿದ್ದಾರೆ. ಅವನ ಬರಹಗಳನ್ನು ಪದ ಹಾಕಿ ಹುಡುಕಬಲ್ಲ ಸಂಗ್ರಹವೂ ಅಂತರ್ಜಾಲದಲ್ಲಿದೆ. ಫ್ರೆಂಚ್ ಬಲ್ಲ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿ, ಆಳುವುದು, ಟೀಕಿಸುವುದು, ಅನುಮತಿ ಎಂಬ ಅರ್ಥದ ಪದಗಳನ್ನು ಬರೆದುಕೊಂಡು ಬೇರೆ ಬೇರೆ ಜೋಡಿಗಳಲ್ಲಿ ಹಾಕಿ ನೋಡಿದೆವು. ಅಂಥ ವಾಕ್ಯ ಸಿಗಲಿಲ್ಲ. ಆಮೇಲೆ ಮುದ್ರಿತ ಪುಸ್ತಕಗಳಲ್ಲಿ ವರ್ಷದ ಮಿತಿ ಹಾಕಿ ಇಂಗ್ಲಿಷ್ ರೂಪವನ್ನು ಹುಡುಕುತ್ತ ಹಿಂದಕ್ಕೆ ಹೋದೆವು. ಇಪ್ಪತ್ತೊಂದನೆಯ ಶತಮಾನದಲ್ಲಿ ಎಲ್ಲೆಂದರಲ್ಲಿ ಸಿಗುವ ಮಾತು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರಿಗೂ ಇಲ್ಲ. ವಾಲ್ಟೇರ್ ಸತ್ತದ್ದು 1778ರಲ್ಲಿ. ಅವನ ಮಾತನ್ನು ಇನ್ನೂರು ವರ್ಷ ಯಾರೂ ಉದ್ಧರಿಸದೆ ಬಿಟ್ಟಿದ್ದರೆಂದು ನಂಬುವುದು ಹೇಗೆ?

ಜಾಡು ಕೊನೆಗೆ ಮುಟ್ಟಿದ್ದು ಅಮೆರಿಕದ ಕೆವಿನ್ ಆಲ್ಫ್ರೆಡ್ ಸ್ಟ್ರೋಮ್ ಎಂಬ ನವನಾಜಿಯ 1993ರ ಬರಹಕ್ಕೆ. ರೇಡಿಯೊದಲ್ಲಿ ಭಾಷಣವಾಗಿಯೂ ಪ್ರಸಾರವಾದ ಆ ಬರಹದಲ್ಲಿ ಅವನು, ಒಂದು ಸಮಾಜದ ನಿಜವಾದ ಅರಸರನ್ನು ಗುರುತಿಸಲು ‘ಯಾರನ್ನು ಟೀಕಿಸಲು ನನಗೆ ಅನುಮತಿಯಿಲ್ಲ’ ಎಂದು ಕೇಳಿಕೊಂಡರೆ ಸಾಕು ಎನ್ನುತ್ತಾನೆ. ಆ ಪ್ರಶ್ನೆಗೆ ಅವನು ಮೊದಲೇ ಕಟ್ಟಿಟ್ಟುಕೊಂಡ ಉತ್ತರ ಯಹೂದಿಗಳು. ಕಾಲಕ್ರಮೇಣ ವಾಕ್ಯ ಚಿಕ್ಕದಾಯಿತು, ಚುರುಕಾಯಿತು, ಬರೆದವನ ಹೆಸರು ಕಳಚಿ ವಾಲ್ಟೇರನ ಹೆಸರು ಸೇರಿಕೊಂಡಿತು. ಸ್ಟ್ರೋಮ್ ಮುಂದೆ ಇದು ತನ್ನದೇ ಮಾತೆಂದು ಹೇಳಿಕೊಂಡಿದ್ದಾನೆ. 2019ರಲ್ಲಿ ಹಾಲಿವುಡ್ ನಟ ಜಾನ್ ಕ್ಯುಸಾಕ್ ಇದೇ ಮಾತಿರುವ ಚಿತ್ರವನ್ನು ಹಂಚಿಕೊಂಡಾಗ, ಜನರನ್ನು ಅದುಮುತ್ತಿದ್ದ ಆ ಚಿತ್ರದ ದೊಡ್ಡ ಕೈಯ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರವಿತ್ತು. ಅವರು ಅದನ್ನು ಅಳಿಸಿ ಕ್ಷಮೆ ಕೇಳಬೇಕಾಯಿತು. ಬಸವಣ್ಣನ ಅಂಕಿತ ಅಂಟಿಸಿದ ಖೊಟ್ಟಿ ವಚನದ ಹಾಗೆ, ಇಲ್ಲಿಯೂ ಹೆಸರೇ ಮಾತನ್ನು ಹೊತ್ತು ತಿರುಗುತ್ತಿದೆ. ಯಹೂದಿಗಳ ಬಗ್ಗೆ ವಾಲ್ಟೇರ್ ಕೂಡ ಬಹಳ ಕಟುವಾಗಿ, ಅನ್ಯಾಯವಾಗಿ ಬರೆದವನು ಎಂಬುದನ್ನೂ ನಾನು ಅವಳಿಗೆ ಮುಚ್ಚಿಡಲಿಲ್ಲ. ಹಾಗೆಂದು ಸ್ಟ್ರೋಮನ ವಾಕ್ಯ ಅವನದಾಗುವುದಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಸರ್, ಹೇಳಿದವನು ಕೆಟ್ಟವನು ಅಂದ ಮಾತ್ರಕ್ಕೆ ಮಾತು ಸುಳ್ಳಾಗಿಬಿಡತ್ತಾ? ಎಮರ್ಜೆನ್ಸಿ ಕಾಲದಲ್ಲಿ ಹಾಗೇ ಇರಲಿಲ್ವಾ?”

ಆ ದಿನದ ಕೆಲಸವೆಲ್ಲ ಸಾರ್ಥಕವೆನಿಸಿದ್ದು ಆ ಪ್ರಶ್ನೆಯಿಂದ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದು ಪತ್ರಿಕೆಗಳು ಸೆನ್ಸಾರಿಗೆ ಒಳಪಟ್ಟಾಗ, ಟೀಕಿಸಲಾಗದವರೇ ಆಳುವವರಾಗಿದ್ದರು ಎಂಬುದು ನಿಜ. ಆಳುವವರು ತಮ್ಮ ಮೇಲಿನ ಟೀಕೆಯನ್ನು ಅಡಗಿಸುತ್ತಾರೆ ಎಂಬಷ್ಟನ್ನು ಚರಿತ್ರೆ ಮತ್ತೆ ಮತ್ತೆ ತೋರಿಸಿದೆ. ಆದರೆ ಆ ವಾಕ್ಯ ಹೇಳುವುದು ಅದರ ತಿರುವುಮುರುವನ್ನು: ಯಾರ ಮೇಲೆ ಮಾತಾಡಲು ತಡೆಯಿದೆಯೋ ಅವರೇ ಆಳುವವರು ಎಂದು. “ನೋಡಮ್ಮ, 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ತೆಗೆದುಕೋ” ಎಂದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಬೇರೆಯವರು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸುವುದು ಆ ಕಾಯ್ದೆಯಂತೆ ಅಪರಾಧ. ಸ್ಟ್ರೋಮನ ಅಳತೆಗೋಲು ಹಿಡಿದರೆ, ಕೆರೆ ಬಾವಿಯ ನೀರು ಮುಟ್ಟಲು ಬಿಡದೆ ತಲೆಮಾರುಗಟ್ಟಲೆ ಊರ ಹೊರಗೆ ಇಟ್ಟಿದ್ದ ಜನರೇ ಈ ದೇಶವನ್ನು ಆಳುತ್ತಿದ್ದಾರೆ ಎಂದಾಗುತ್ತದೆ. ಆ ರಕ್ಷಣೆ ಬಂದದ್ದು ಅವರ ಕೈಯಲ್ಲಿ ಅಧಿಕಾರವಿದ್ದುದರಿಂದಲ್ಲ, ಇಲ್ಲದ್ದರಿಂದ. ಬಲಹೀನರಿಗೆ ಸಿಕ್ಕ ರಕ್ಷಣೆಯನ್ನೇ ಅವರ ದೊರೆತನದ ಗುರುತೆಂದು ತೋರಿಸಿ, ಅವರ ಮೇಲಿನ ಹಗೆಯನ್ನು ಧೈರ್ಯದ ಮಾತಿನಂತೆ ಕಾಣಿಸುವುದಕ್ಕೇ ಈ ವಾಕ್ಯವನ್ನು ಕಟ್ಟಿದ್ದು ಎಂದು ನಾನು ಬಲವಾಗಿ ನಂಬುತ್ತೇನೆ. ಬರೆದವನ ಹೆಸರು ತಿಳಿಯದಿದ್ದರೂ ಈ ದೋಷವನ್ನು ಕಾಣಬಹುದಿತ್ತು. ಹೆಸರು ತಿಳಿದ ಮೇಲೆ ಇದು ಎಡವಟ್ಟಲ್ಲ, ಉದ್ದೇಶ ಎಂಬುದು ಸ್ಪಷ್ಟವಾಯಿತು.

ಲೇಖನವನ್ನು ಕೈಬಿಡುವುದು ಬೇಡವೆಂದೆ. ವಾಲ್ಟೇರ್ ಅಧಿಕಾರವನ್ನು ನಿಜಕ್ಕೂ ಎದುರಿಸಿದ್ದಕ್ಕೆ ಜಾನ್ ಕಲಾಸ್‌ನ ಪ್ರಕರಣವಿದೆ. ಮಗ ಕ್ಯಾಥೊಲಿಕ್ ಮತಕ್ಕೆ ಹೋಗುವುದನ್ನು ತಡೆಯಲು ತಂದೆಯೇ ಕೊಂದನೆಂದು ಆರೋಪ ಹೊರಿಸಿ, ಟೂಲೂಸ್ ನಗರದ ಆ ಪ್ರೊಟೆಸ್ಟಂಟ್ ಬಟ್ಟೆ ವ್ಯಾಪಾರಿಯನ್ನು 1762ರ ಮಾರ್ಚ್‌ನಲ್ಲಿ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ವಾಲ್ಟೇರ್ ಸಾಕ್ಷ್ಯಗಳನ್ನು ಕಲೆಹಾಕಿ, ಪ್ರಭಾವಿಗಳಿಗೆ ಪತ್ರದ ಮೇಲೆ ಪತ್ರ ಬರೆದು, ಮರುವರ್ಷ ಸಹಿಷ್ಣುತೆಯ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದ. 1765ರಲ್ಲಿ ಕಲಾಸ್ ನಿರಪರಾಧಿಯೆಂದು ತೀರ್ಪಾಯಿತು. ಅವಳು ಚೌಕಟ್ಟಿನಲ್ಲಿದ್ದ ವಾಕ್ಯವನ್ನು ಹೊಡೆದುಹಾಕಿ, ಸಂಜೆ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಕಲಾಸ್‌ನ ಪ್ರಕರಣದಿಂದಲೇ ಆರಂಭವಾಗುವ ಹೊಸ ಪುಟವನ್ನು ನನ್ನ ಕೈಗಿತ್ತಳು. ಸ್ಟ್ರೋಮನ ಹೆಸರು ಮತ್ತು 1993 ಎಂಬ ಇಸವಿಯೊಂದಿಗೆ ಆ ವಾಕ್ಯದ ಹುಟ್ಟನ್ನು ತಿಳಿಸುವ ಒಂದು ಪ್ಯಾರಾವನ್ನೂ ಅವಳು ತಾನಾಗಿ ಸೇರಿಸಿದ್ದಳು, ಅದನ್ನು ನಾನು ತಿದ್ದದೆ ಮುದ್ರಣಕ್ಕೆ ಕಳಿಸಿದೆ.